ನಾನೂರ ನಾಲ್ಕು

ರೋಹುಕ್ಯುಲದ ಹಡಗುಕಟ್ಟೆಯ ಕೊನೆಗೆ ಒಂದು ಬೋರ್ಡು.
ಬಿಸಿಲಿದ್ದ ದಿನ ಬಿಸಿಲು ಕುಡಿದು,
ಇಲ್ಲದ ದಿನ ಹಳೆಯ ಬ್ಯಾಟರಿ ಚೀಪುತ್ತ
ಹತ್ತು ನಿಮಿಷಕ್ಕೊಮ್ಮೆ ನನ್ನ ಸರ್ವರನ್ನು ಕೇಳುತ್ತಿತ್ತು:
ಕಡಲು ಹೆಪ್ಪುಗಟ್ಟಿತೆ? ದಾರಿ ತೆರೆಯಿತೆ?

ನನಗದು ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಹೀಯುಮಾ ದ್ವೀಪದ ಹಡಗಿನ ಟಿಕೆಟ್ಟು,
ಕಾರಿಗೆಷ್ಟು, ಸೈಕಲ್ಲಿಗೆಷ್ಟು, ನಾಯಿಗೆ ಪುಕ್ಕಟೆ.
ತಾಲಿನ್ನಿನ ಮೂರನೆಯ ಮಹಡಿಯಲ್ಲಿ ಕೂತು
ಒಂದೊಂದು ವಿಳಾಸಕ್ಕೂ ಒಬ್ಬೊಬ್ಬ ಆಳು ನಿಲ್ಲಿಸಿದ್ದೆ.
ಹ್ಯಾಂಡ್ಲರ್ ಎನ್ನುತ್ತೇವೆ. ಹೆಸರು ದೊಡ್ಡದು,
ಬಾಳು ಹೋದ ಪುಟ್ಟ ಬಂದ ಪುಟ್ಟ.

ಕೋರಿಕೆ ಬರುತ್ತದೆ. ಬಾಗಿಲಲ್ಲೇ ಒಬ್ಬ
ಯಾರು ನೀನು ಎಂದು ಗುರುತಿನ ಚೀಟಿ ತಿರುವುತ್ತಾನೆ.
ಇನ್ನೊಬ್ಬ ಗಂಟೆ ನೋಡಿ ಬರೆದುಕೊಳ್ಳುತ್ತಾನೆ.
ನಿಮಿಷಕ್ಕೆ ನೂರು ಸಲ ಬಂದವನ ಕಿವಿ ಹಿಂಡಲು
ಮತ್ತೊಬ್ಬನಿದ್ದಾನೆ.
ಇವರನ್ನೆಲ್ಲ ದಾಟಿದರೆ ದಾರಿಪಟ್ಟಿ:
ಮೇಲಿಂದ ಕೆಳಕ್ಕೆ ಬೆರಳಾಡಿಸಿ
ನಿನ್ನವನು ಅಗೋ ಅವನು, ಹೋಗು ಎನ್ನುತ್ತದೆ.
ಆಗ ಏಳುತ್ತಾನೆ ಹ್ಯಾಂಡ್ಲರ್, ಆಗಷ್ಟೇ.
ಡೇಟಾಬೇಸಿನ ಕದ ತಟ್ಟಿ, ಒಂದು ಸಾಲು ಎರವಲು ತಂದು,
ಲಕೋಟೆಗೆ ಹಾಕಿ, ಅಂಟಿಸಿ, ಕೊಟ್ಟು,
ಮರೆಯುತ್ತಾನೆ.
ಮರುಗಳಿಗೆ ಅದೇ ಮುಖ ಬಂದು ನಿಂತರೂ
ಎಂದೂ ಕಾಣದವರು ಎಂಬ ಹಾಗೆ ಮತ್ತೆ ಮೊದಲಿಂದ.
ಅಷ್ಟು ಮರೆವು ಇರಲೇಬೇಕು ಎಂದವರು ಹೆಲ್ಡುರ್,
ನನಗೆ ಕೆಲಸ ಕಲಿಸಿದವರು:
ನೆನಪಿಟ್ಟುಕೊಳ್ಳುವ ಆಳು ಸಂತೆಯಷ್ಟು ಜನದ ನಡುವೆ
ಒಬ್ಬರ ಚೀಟಿ ಇನ್ನೊಬ್ಬರಿಗೆ ಕೊಟ್ಟುಬಿಡುತ್ತಾನೆ, ಮಾರೆಟ್.

ಪಟ್ಟಿಯಲ್ಲಿ ಯಾರೂ ಸಿಗದಿದ್ದರೆ?
ಕಟ್ಟಕಡೆಗೆ ಒಬ್ಬ ಕೂತಿರುತ್ತಾನೆ, ಕತ್ತೆತ್ತಿ ನೋಡದವನು.
ಬಂದವರಿಗೆಲ್ಲ ಒಂದೇ ಮಾತು: ನಾನೂರ ನಾಲ್ಕು.
ಅಂಥದ್ದು ಇಲ್ಲಿಲ್ಲ.

ಮಂಜುಗಡ್ಡೆ ದಾರಿಯ ಆಳನ್ನು ಮೂರು ವರ್ಷದ ಕೆಳಗೆ
ತೆಗೆದುಹಾಕಿದ್ದು ನಾನೇ. ಹದಿನೇಳು ಸಾಲು.
ಚಳಿಗಾಲಗಳು ಬಂದು ಹೋದವು, ನೀರು ನೀರಾಗಿಯೇ ಉಳಿಯಿತು.
ಬಳಸದ ಕೋಡು ಮನೆಗೆ ಭಾರ ಎಂದು
ಅಳಿಸಿ, ಕಾಫಿಗೆ ಎದ್ದಿದ್ದೆ.

ಈ ಮಾರ್ಚಿನಲ್ಲಿ ಲಾಗು ಸೋಸುವಾಗ ಕಂಡಿತು:
ಒಂದೇ ಕಡೆಯಿಂದ ಒಂದೂವರೆ ಲಕ್ಷ ಸಲ
ಅದೇ ಪ್ರಶ್ನೆ, ಅದೇ ನಾನೂರ ನಾಲ್ಕು.
ಯಾವನೋ ಕಳ್ಳ ಎಂದು ಬೈದುಕೊಂಡೆ.
ಆಮೇಲೆ, ಶನಿವಾರ, ಬಸ್ಸು ಹತ್ತಿದೆ.

ಗಾಳಿ. ಬೂದು ನೀರು. ಬೋರ್ಡಿನ ಮೇಲೆ
ಕಿತ್ತಳೆ ಬೆಳಕಿನಲ್ಲಿ ಮಾರುದ್ದ ನಾನೂರ ನಾಲ್ಕು.
ಮೀನು ಹೊಗೆಯಾಡಿಸುವ ಲಾಯ್ನೆ ಹೇಳಿದಳು:
ನಾವು ಬಸ್ಸಿನ ನಂಬರು ಅಂದುಕೊಂಡೆವು.
ಕೆಲವರು ಕಾದೂ ನೋಡಿದರು.

ಅವಳೇ ಹೇಳಿದ್ದು, ಮೀನು ಕಾಗದಕ್ಕೆ ಸುತ್ತುತ್ತ:
ಆ ದಾರಿಯಲ್ಲಿ ಸೀಟುಬೆಲ್ಟು ಕಟ್ಟಕೂಡದು,
ಒಡೆದರೆ ಮೊದಲು ಹಾರಬೇಕಲ್ಲ.
ನಡುವೆ ನಿಲ್ಲಕೂಡದು. ಕೆಳಗೆ ಗಡ್ಡೆ ನರಳುತ್ತಿತ್ತು,
ನಮ್ಮಮ್ಮ ಕಣ್ಣು ಮುಚ್ಚಿ ಗೇರು ಹಾಕುತ್ತಿದ್ದಳು.
ಇಲ್ಲ ಅನ್ನುತ್ತದಂತಲ್ಲ ನಿನ್ನ ಬೋರ್ಡು?
ಯಾರು ಹೇಳಿದರು ಇಲ್ಲ ಅಂತ?

ರಾತ್ರಿ ಹಳೆಯ ಪ್ರತಿಗಳ ರಾಶಿ ಕೆದಕಿ
ಹದಿನೇಳು ಸಾಲನ್ನು ಎಬ್ಬಿಸಿ ತಂದೆ.
ಅವನ ಬಾಯಿಗೆ ಏನು ಮಾತು ಇಡಲಿ?
ನಾನೂರ ಹತ್ತು ಎಂದರೆ:
ಇತ್ತು, ಹೋಯಿತು, ಮತ್ತೆ ಕೇಳಬೇಡ.
ಆ ಹತ್ತರ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತೆ.
ನಿಜ ಅದೇ ಇರಬಹುದು.

ಬರೆದದ್ದು ಐನೂರ ಮೂರು.
ಸದ್ಯಕ್ಕಾಗದು, ಇಷ್ಟು ಸೆಕೆಂಡು ಬಿಟ್ಟು ಬಾ.
ಎಷ್ಟು ಎನ್ನುವ ಕಡೆ
ಜನವರಿಯ ತನಕ ಎಣಿಸಿ ತುಂಬಿದೆ:
ಎರಡೂವರೆ ಕೋಟಿ, ಚಿಲ್ಲರೆ.

ಹಳೆಯ ಬೋರ್ಡು, ಆ ಸಾಲು ಓದಲು ಅದಕ್ಕೆ ಬಾರದು.
ಹತ್ತೇ ನಿಮಿಷಕ್ಕೆ ಮತ್ತೆ ಬಂತು.
ಹ್ಯಾಂಡ್ಲರ್ ಎದ್ದ, ಹೊಸಬರನ್ನು ಕಂಡವನಂತೆ,
ಅಷ್ಟೂ ಸೆಕೆಂಡನ್ನು ತಾಳ್ಮೆಯಿಂದ ಹೇಳಿದ.

ಬೆಳಗ್ಗೆ ಲಾಯ್ನೆಯ ಸಂದೇಶ:
ಬಸ್ಸಿನ ನಂಬರು ಬದಲಾಗಿದೆಯಲ್ಲ,
ಎಷ್ಟು ಗಂಟೆಗೆ?